ಚೆಂಡಿಲ್ಲದವನ ಎರಡೂವರೆ ಸೆಕೆಂಡು

ಅಮೆರಿಕನ್ ಫುಟ್‌ಬಾಲನ್ನು ಮೊದಲ ಸಲ ಟೀವಿಯಲ್ಲಿ ನೋಡಿದ ನಮ್ಮವರ ದೂರು ಹೆಚ್ಚುಕಡಿಮೆ ಒಂದೇ: ಇವರು ಆಡುವುದಕ್ಕಿಂತ ನಿಲ್ಲುವುದೇ ಜಾಸ್ತಿ. ಮಾತು ಸುಳ್ಳೇನಲ್ಲ. ಗಡಿಯಾರದ ಲೆಕ್ಕದ 60 ನಿಮಿಷದ ಆಟ ಮುಗಿಯಲು ಮೂರು ಗಂಟೆ ಬೇಕು. ನಾಲ್ಕೈದು ಸೆಕೆಂಡು ಡಿಕ್ಕಿ, ನೂಕಾಟ, ಒಬ್ಬರ ಮೇಲೊಬ್ಬರು ಬಿದ್ದ ರಾಶಿ; ಆಮೇಲೆ ಎದ್ದು ಮೈ ಕೊಡವಿಕೊಂಡು, ಗುಂಪುಗೂಡಿ ಪಿಸುಗುಟ್ಟಿ, ಮತ್ತೆ ಸಾಲಾಗಿ ನಿಂತು ಬೆರಳು ತೋರಿಸಿ ಕೂಗಾಟ. ಈ ಕೂಗಾಟವನ್ನು ಎರಡು ಜಾಹೀರಾತುಗಳ ನಡುವಿನ ಗದ್ದಲವೆಂದು ಬಿಟ್ಟವರಿಗೆ ಅರ್ಧ ಆಟ ತಪ್ಪಿಹೋಗುತ್ತದೆ. "ಐವತ್ನಾಲ್ಕು ಮೈಕ್! ಐವತ್ನಾಲ್ಕು ಮೈಕ್!" ಎಂದು ಕ್ವಾರ್ಟರ್‌ಬ್ಯಾಕ್ ಗಂಟಲು ಹರಿದುಕೊಳ್ಳುವಾಗ, ಇನ್ನೊಂದು ಕ್ಷಣದಲ್ಲಿ ತನ್ನ ಮೇಲೆರಗಲಿರುವವರಲ್ಲಿ ಯಾರನ್ನು ಯಾರು ತಡೆಯಬೇಕೆಂದು ಹಂಚಿಕೆ ಮಾಡುತ್ತಿರುತ್ತಾನೆ. ಈ ಹಂಚಿಕೆಗೆ ಪಾಸ್ ಪ್ರೊಟೆಕ್ಷನ್ ಎನ್ನುತ್ತಾರೆ. ಅದರಲ್ಲಿ ಅತಿ ತೊಡಕಿನ ಪಾಲು ಬರುವುದು ಚೆಂಡು ಹೊತ್ತು ಓಡುವುದಕ್ಕೇ ಹೆಸರಾದ ರನ್ನಿಂಗ್ ಬ್ಯಾಕ್‌ಗೆ.

ಆಟದ ಪರಿಚಯವಿಲ್ಲದವರಿಗೆ ನಾಲ್ಕು ಮಾತು. ಎರಡೂ ಕಡೆ ಹನ್ನೊಂದು ಹನ್ನೊಂದು ಮಂದಿ, 100 ಗಜದ ಮೈದಾನ. ಚೆಂಡು ಇರುವ ತಂಡಕ್ಕೆ ನಾಲ್ಕು ಅವಕಾಶ. ಒಂದೊಂದಕ್ಕೂ ಡೌನ್ ಎಂದು ಹೆಸರು. ನಾಲ್ಕರೊಳಗೆ 10 ಗಜ ಮುಂದೆ ಹೋದರೆ ಮತ್ತೆ ನಾಲ್ಕು ಸಿಗುತ್ತವೆ, ಇಲ್ಲವಾದರೆ ಚೆಂಡು ಎದುರಾಳಿಯದು. ನಡುವೆ ಬಗ್ಗಿ ನಿಂತ ಸೆಂಟರ್ ತನ್ನ ಕಾಲುಗಳ ನಡುವಿನಿಂದ ಚೆಂಡನ್ನು ಹಿಂದಕ್ಕೆ ಕೊಡುವುದು ಸ್ನ್ಯಾಪ್. ಅದನ್ನು ಪಡೆದ ಕ್ವಾರ್ಟರ್‌ಬ್ಯಾಕ್ ಒಂದೋ ಚೆಂಡನ್ನು ರನ್ನಿಂಗ್ ಬ್ಯಾಕ್ ಕೈಗಿಡುತ್ತಾನೆ, ಇಲ್ಲವೇ ದೂರದಲ್ಲಿ ಓಡುತ್ತಿರುವ ರಿಸೀವರ್‌ಗೆ ಎಸೆಯುತ್ತಾನೆ. ಎಸೆಯಬೇಕಾದರೆ ಸಮಯ ಬೇಕು, ಸುಮಾರು ಎರಡೂವರೆ ಸೆಕೆಂಡು. ಅಷ್ಟು ಹೊತ್ತು ಎದುರಾಳಿಗಳು ಅವನ ಮೈಮುಟ್ಟದಂತೆ ತಡೆಯುವುದು ಸೆಂಟರ್, ಅವನ ಎಡಬಲದ ಇಬ್ಬರು ಗಾರ್ಡ್‌ಗಳು, ಅವರಾಚೆಯ ಇಬ್ಬರು ಟ್ಯಾಕಲ್‌ಗಳ ಕೆಲಸ. ಒಬ್ಬೊಬ್ಬರೂ 140 ಕಿಲೋ ಆಸುಪಾಸಿನ ಆಳುಗಳು. ಹಿಂದೆ ಹಿಂದೆ ಸರಿಯುತ್ತ, ಲೈನ್ ಎನಿಸಿಕೊಂಡ ಈ ಐವರು ಕಟ್ಟುವ ಬಿಲ್ಲಿನಾಕಾರದ ಗೋಡೆಯ ಒಳಜಾಗವೇ ಪಾಕೆಟ್. ಗೋಡೆ ಒಡೆದು ಒಳನುಗ್ಗಿದವನು ಚೆಂಡಿನ ಸಮೇತ ಕ್ವಾರ್ಟರ್‌ಬ್ಯಾಕನ್ನು ಕೆಡವಿದರೆ ಅದು ಸ್ಯಾಕ್. 1960ರ ದಶಕದಲ್ಲಿ ಲಾಸ್ ಏಂಜಲೀಸ್ ರ್‍ಯಾಮ್ಸ್ ತಂಡದ ಡೀಕನ್ ಜೋನ್ಸ್ ಬಳಕೆಗೆ ತಂದ ಮಾತು ಇದು, ಪಟ್ಟಣವನ್ನು ಸೂರೆಮಾಡಿದ ಲೆಕ್ಕ. ಆದರೆ ಆಟಗಾರರ ಹೆಸರಿನಲ್ಲಿ ಸ್ಯಾಕ್‌ಗಳನ್ನು ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್ ಅಧಿಕೃತವಾಗಿ ದಾಖಲಿಸತೊಡಗಿದ್ದು 1982ರಲ್ಲಿ. ಹಾಗಾಗಿ ಪದ ಕೊಟ್ಟವನ ಸ್ವಂತ ಸ್ಯಾಕ್‌ಗಳು ಅಧಿಕೃತ ಪುಸ್ತಕಕ್ಕೆ ಸೇರಲಿಲ್ಲ.

ಚೆಂಡನ್ನು ಮುಂದಕ್ಕೆ ಎಸೆಯುವುದೇ ಈ ಆಟದಲ್ಲಿ ಮೊದಲಿಗೆ ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಾಲೇಜು ಹುಡುಗರು ಗುಂಪಾಗಿ ಒಬ್ಬರನ್ನೊಬ್ಬರು ಹಿಡಿದುಕೊಂಡು ಗೂಳಿಗಳಂತೆ ನುಗ್ಗುತ್ತಿದ್ದರು. ಮೂಳೆ ಮುರಿಯುವುದು ಮಾಮೂಲು, ಸಾವೂ ಅಪರೂಪವಲ್ಲ. 1905ರ ಸಾವುನೋವು ಕಂಡು ಅಧ್ಯಕ್ಷ ಥಿಯೊಡರ್ ರೂಸ್‌ವೆಲ್ಟ್ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ನವರನ್ನು ಶ್ವೇತಭವನಕ್ಕೆ ಕರೆಸಿ ಮಾತಾಡಬೇಕಾಯಿತು. 1906ರಲ್ಲಿ ಮುಂದಕ್ಕೆ ಎಸೆಯಲು ಅನುಮತಿ ಸಿಕ್ಕಿತು. ಎಸೆತ ಬಂದಮೇಲೆ ಎಸೆಯುವವನನ್ನು ಕಾಯುವ ವಿದ್ಯೆಯೂ ಬೆಳೆಯಲೇಬೇಕಿತ್ತು, ಆದರೆ ಬೆಳೆದದ್ದು ಆಮೆವೇಗದಲ್ಲಿ. ದೊಡ್ಡ ತಿರುವು ಬಂದದ್ದು 1978ರಲ್ಲಿ. ಅಲ್ಲಿಯವರೆಗೆ ಕೈಗಳನ್ನು ಎದೆಗೆ ಆನಿಸಿಕೊಂಡು ಭುಜದಿಂದಲೇ ತಡೆಯಬೇಕಿದ್ದ ಲೈನ್‌ನವರಿಗೆ ತೋಳು ಚಾಚಿ, ಅಂಗೈ ಬಿಡಿಸಿ ಎದುರಾಳಿಯನ್ನು ನೂಕಲು ಆ ವರ್ಷ ಎನ್‌ಎಫ್‌ಎಲ್ ಒಪ್ಪಿತು. ನೂಕಬಹುದು, ಹಿಡಿದೆಳೆಯುವಂತಿಲ್ಲ. ಹಿಡಿದರೆ ಹೋಲ್ಡಿಂಗ್, ದಂಡ 10 ಗಜ. ಇಂದಿನ ಎಸೆತದ ಆಟ, ಅದರ ತಾರೆಯರು, ಕೋಟಿಗಟ್ಟಲೆ ಡಾಲರಿನ ವ್ಯವಹಾರ ಎಲ್ಲದಕ್ಕೂ ಆ ಬಿಡಿಸಿದ ಅಂಗೈಯ ಋಣವಿದೆ.

ಇನ್ನು ರನ್ನಿಂಗ್ ಬ್ಯಾಕ್. ಲೈನಿನ ಹಿಂದೆ ನಿಲ್ಲುವವರೆಲ್ಲ ಬ್ಯಾಕ್‌ಗಳು. ಕಾಲುಭಾಗ ಹಿಂದಿದ್ದವನು ಕ್ವಾರ್ಟರ್, ಅರ್ಧದಷ್ಟು ಹಿಂದಿದ್ದವನು ಹಾಫ್, ಎಲ್ಲರಿಗಿಂತ ಹಿಂದಿದ್ದವನು ಫುಲ್. ಹಳೆಯ ಲೆಕ್ಕ ಹೀಗಿತ್ತು. ಈಗ ಫುಲ್‌ಬ್ಯಾಕ್ ಎಂಬಾತ ಹಾಫ್‌ಬ್ಯಾಕ್‌ಗಿಂತ ಮುಂದೆ ನಿಂತು ಅವನಿಗೆ ದಾರಿ ಬಿಡಿಸುತ್ತಾನೆ, ಹಲವು ತಂಡಗಳಲ್ಲಿ ಅವನು ಇಲ್ಲವೇ ಇಲ್ಲ. ಉಳಿದವನನ್ನು ಹಾಫ್‌ಬ್ಯಾಕ್, ಟೇಲ್‌ಬ್ಯಾಕ್, ಬರೀ ಬ್ಯಾಕ್ ಎಂದು ಬಾಯಿಗೆ ಬಂದಂತೆ ಕರೆಯುತ್ತಾರೆ. ಸಣ್ಣ ಗಾತ್ರದ ಚುರುಕಿನವನು ಸ್ಕ್ಯಾಟ್ ಬ್ಯಾಕ್, ಗುದ್ದಿಕೊಂಡು ಹೋಗುವವನು ಪವರ್ ಬ್ಯಾಕ್. ತಂಡದ ಓಟದ ಹೊರೆಯನ್ನೆಲ್ಲ ಒಬ್ಬನೇ ಹೊರುವವನು ಬೆಲ್ ಕೌ, ಅಂದರೆ ಕೊರಳಿಗೆ ಗಂಟೆ ಕಟ್ಟಿಕೊಂಡು ಮಂದೆಯ ಮುಂದೆ ನಡೆಯುವ ಹಸು; 110 ಕಿಲೋ ತೂಕದ ಗಂಡಾಳಿಗೆ ಇದೇ ಹೊಗಳಿಕೆ. ಅಭಿಮಾನಿಗಳು ನೆನಪಿಟ್ಟುಕೊಳ್ಳುವುದು ಓಟದ ಗಜಗಳನ್ನು: 1984ರ ಒಂದೇ ಋತುವಿನಲ್ಲಿ ಎರಿಕ್ ಡಿಕರ್‌ಸನ್ ಓಡಿದ 2,105, ಜೀವಮಾನದಲ್ಲಿ ಎಮಿಟ್ ಸ್ಮಿತ್ ಓಡಿದ 18,355. ಅದೇ ಎಮಿಟ್ ಸ್ಮಿತ್ ಎದುರಾಳಿಗಳನ್ನು ತಡೆಯುವುದರಲ್ಲೂ ಗಟ್ಟಿಗನಾಗಿದ್ದ, ಅವನಿಗಿಂತ ಹಿಂದಿನ ವಾಲ್ಟರ್ ಪೇಟನ್ ಅಂತೂ ಇನ್ನೂ ಒಂದು ಕೈ ಮೇಲು ಎನ್ನುವ ಮಾತು ತರಬೇತುದಾರರ ವಲಯದಲ್ಲಷ್ಟೇ ಓಡಾಡುತ್ತದೆ.

ತಡೆಯುವುದರಲ್ಲಿ ಅಂಥ ಕಷ್ಟವೇನಿದೆ? ಮೊದಲನೆಯದು ಲೆಕ್ಕ. ಐವರು ಲೈನ್‌ನವರು ಐವರನ್ನು ತಡೆಯಬಲ್ಲರು. ಎದುರಾಳಿ ನಾಲ್ವರನ್ನಷ್ಟೇ ನುಗ್ಗಿಸಿದರೆ ನಿರಾಳ. ಆದರೆ ಅವರ ಹಿಂದೆ ಲೈನ್‌ಬ್ಯಾಕರ್‌ಗಳಿದ್ದಾರೆ, ಅವರಿಗೂ ಹಿಂದೆ ಸೇಫ್ಟಿಗಳು, ಕಾರ್ನರ್‌ಬ್ಯಾಕ್‌ಗಳು. ಇವರಲ್ಲಿ ಒಬ್ಬಿಬ್ಬರು ಹೇಳದೆ ಕೇಳದೆ ನುಗ್ಗಿದರೆ ಅದು ಬ್ಲಿಟ್ಜ್. ಆ ಆರನೆಯವನನ್ನು ಎದುರಿಸಲು ಇರುವ ಆರನೆಯ ಆಳು ರನ್ನಿಂಗ್ ಬ್ಯಾಕ್. ಏಳನೆಯವನೂ ಬಂದರೆ ಅವನು ಕ್ವಾರ್ಟರ್‌ಬ್ಯಾಕ್‌ನ ಪಾಲು. ಪೆಟ್ಟು ಬೀಳುವ ಮೊದಲೇ ಚೆಂಡು ಕೈಬಿಡಬೇಕು. ಹಾಗೆ ಅವಸರಕ್ಕೆ ಎಸೆಯಲೆಂದೇ ಒಬ್ಬ ರಿಸೀವರ್ ತನ್ನ ಓಟವನ್ನು ಮೊಟಕುಗೊಳಿಸಿ ತಿರುಗಿ ನೋಡುತ್ತಾನೆ, ಅದು ಹಾಟ್ ರೂಟ್. ಬ್ಯಾಕ್ ಜತೆಗೆ, ಲೈನಿನ ತುದಿಯಲ್ಲಿ ನಿಂತು ತಡೆಯುವುದನ್ನೂ ಎಸೆತ ಹಿಡಿಯುವುದನ್ನೂ ಮಾಡುವ ಟೈಟ್ ಎಂಡ್ ಎಂಬುವವನನ್ನೂ ಕಾವಲಿಗೆ ಉಳಿಸಿಕೊಂಡು ಏಳೆಂಟು ಮಂದಿ ಕಾದರೆ ಮ್ಯಾಕ್ಸ್ ಪ್ರೊಟೆಕ್ಟ್. ಕಾವಲು ಭದ್ರವಾಗುತ್ತದೆ, ಆದರೆ ಎಸೆತ ಹಿಡಿಯಲು ಉಳಿಯುವುದು ಎರಡು ಮೂರು ಜನ. ಬ್ಯಾಕ್‌ನನ್ನೂ ಓಡಲು ಕಳಿಸಿ ಐವರನ್ನೇ ನಂಬಿದರೆ ಸ್ಕ್ಯಾಟ್ ಪ್ರೊಟೆಕ್ಷನ್. ಒಂದನ್ನು ಪಡೆಯಲು ಇನ್ನೊಂದನ್ನು ಕಳೆದುಕೊಳ್ಳುವ ಈ ಕೂಡುಕಳೆಯನ್ನು ಪ್ರತಿ ಪ್ಲೇಗೂ, ಅಂದರೆ ಒಂದೊಂದು ಸ್ನ್ಯಾಪ್‌ನಿಂದ ಶುರುವಾಗುವ ಆಟಕ್ಕೂ, ಹೊಸದಾಗಿ ಮಾಡಬೇಕು.

ಹಂಚಿಕೆಯಲ್ಲಿ ಎರಡು ಪದ್ಧತಿ. ಮದುವೆಮನೆಯಲ್ಲಿ ಬಡಿಸುವವರು ಕೆಲಸ ಹಂಚಿಕೊಳ್ಳುವುದನ್ನು ನೆನೆಯಿರಿ. "ಬೀಗರ ಕಡೆಯ ಆ ಹಿರಿಯರನ್ನು ನೀನು ನೋಡಿಕೋ, ಅವರು ಯಾವ ಪಂಕ್ತಿಗೆ ಹೋಗಿ ಕೂತರೂ ನಿನ್ನದೇ ಜವಾಬ್ದಾರಿ" ಎಂದರೆ ಅದು ಮ್ಯಾನ್ ಪ್ರೊಟೆಕ್ಷನ್. "ಈ ಪಂಕ್ತಿ ನಿನ್ನದು, ಇಲ್ಲಿ ಯಾರೇ ಬಂದು ಕೂರಲಿ" ಎಂದರೆ ಸ್ಲೈಡ್ ಪ್ರೊಟೆಕ್ಷನ್. ಫುಟ್‌ಬಾಲ್‌ನಲ್ಲಿ ಪಂಕ್ತಿಯ ಜಾಗಕ್ಕೆ ಗ್ಯಾಪ್ ಇದೆ: ಸೆಂಟರ್ ಮತ್ತು ಗಾರ್ಡ್ ನಡುವಿನ ಸಂದು ಎ, ಗಾರ್ಡ್ ಮತ್ತು ಟ್ಯಾಕಲ್ ನಡುವಿನದು ಬಿ, ಟ್ಯಾಕಲ್‌ನಾಚೆಯದು ಸಿ. ಸ್ಲೈಡ್‌ನಲ್ಲಿ ಲೈನ್‌ನವರು ಒಂದೇ ದಿಕ್ಕಿಗೆ ಸರಿದು ತಮ್ಮ ತಮ್ಮ ಸಂದು ಮುಚ್ಚುತ್ತಾರೆ. ದಿಕ್ಕನ್ನು ನೇರ ಹೇಳಿದರೆ ಎದುರಾಳಿಗೂ ಕೇಳಿಸೀತಲ್ಲ. ಅದಕ್ಕೇ ಬಲಕ್ಕೆ ರಿಪ್ ಅಥವಾ ರೋಜರ್, ಎಡಕ್ಕೆ ಲಿಜ್ ಅಥವಾ ಲೂಯಿ. ಇಂಗ್ಲಿಷಿನ ಬಲ, ಎಡಗಳ ಮೊದಲ ಅಕ್ಷರವೇ ಆಯಾ ಹೆಸರಿಗೂ ಮೊದಲಕ್ಷರ. ಇದೇನು ದೊಡ್ಡ ಗುಟ್ಟೆಂದು ನಗಬೇಡಿ. ಬಗ್ಗಿ ನಿಂತವನ ತಲೆಯೊಳಗೆ ಆ ಹೊತ್ತಿಗೆ ಅದಕ್ಕಿಂತ ಕಷ್ಟದ ಸಂಕೇತ ನಿಲ್ಲುವುದಿಲ್ಲ.

ನಿತ್ಯದ ಬಳಕೆಯಲ್ಲಿ ಹೆಚ್ಚಾಗಿ ಕಾಣುವುದು ಎರಡರ ಬೆರಕೆ, ಹಾಫ್ ಸ್ಲೈಡ್. ವೆಸ್ಟ್ ಕೋಸ್ಟ್ ಎಂಬ ಎಸೆತದ ಶೈಲಿಯ ತಂಡಗಳು ಇಂಥದ್ದನ್ನು ಜೆಟ್ ಎಂದು ಕರೆಯುತ್ತವೆ. ಸೆಂಟರ್, ಎಡ ಗಾರ್ಡ್, ಎಡ ಟ್ಯಾಕಲ್ ಮೂವರೂ ಎಡಕ್ಕೆ ಸರಿದು ಮೂರು ಸಂದು ಮುಚ್ಚುತ್ತಾರೆ ಎನ್ನೋಣ. ಬಲ ಗಾರ್ಡ್, ಬಲ ಟ್ಯಾಕಲ್ ತಂತಮ್ಮ ಎದುರು ನಿಂತ ದಢೂತಿಗಳನ್ನು ಒಬ್ಬೊಬ್ಬರಾಗಿ ಹಿಡಿಯುತ್ತಾರೆ. ಬಲಗಡೆ ಇನ್ನೂ ಇಬ್ಬರು ಲೈನ್‌ಬ್ಯಾಕರ್‌ಗಳು ಉಳಿದರು. ಅವರಿಬ್ಬರೂ ಬ್ಯಾಕ್‌ನ ಲೆಕ್ಕಕ್ಕೆ. ಮೊದಲು ಒಳಗಿನವನನ್ನು ನೋಡು, ಅವನು ಬಂದರೆ ತಡೆ. ಬರದಿದ್ದರೆ ಕಣ್ಣನ್ನು ಹೊರಗಿನವನ ಮೇಲೆ ಹಾಯಿಸು, ಅವನು ಬಂದರೆ ತಡೆ. ಇಬ್ಬರೂ ಬರದಿದ್ದರೆ ಹೊರಗೆ ಓಡಿ ಎಸೆತಕ್ಕೆ ಸಿಗು. ಒಬ್ಬನೇ ಇಬ್ಬರನ್ನು ಓದುವ ಈ ಕೆಲಸಕ್ಕೆ ಡ್ಯುಯಲ್ ರೀಡ್ ಎಂದೂ, ನೋಡಿ ಓಡುವುದಕ್ಕೆ ಚೆಕ್ ರಿಲೀಸ್ ಎಂದೂ ಹೆಸರು. ಒಳಗಿನವನೇ ಮೊದಲೇಕೆ? ಎ ಗ್ಯಾಪ್‌ನಿಂದ ನುಗ್ಗಿದವನಿಗೆ ಕ್ವಾರ್ಟರ್‌ಬ್ಯಾಕ್ ಮೂರು ಹೆಜ್ಜೆ ದೂರ, ಹೊರಗಿನಿಂದ ಬರುವವನು ಸುತ್ತಿ ಬರಬೇಕು. ಒಳಗಿನಿಂದ ಹೊರಗೆ, ಇದನ್ನು ಹೈಸ್ಕೂಲು ಹುಡುಗರಿಗೂ ಮೊದಲ ಪಾಠವಾಗಿ ಹೇಳಿಕೊಡುತ್ತಾರೆ.

ಆ "ಮೈಕ್" ಎಂಬ ಕೂಗು ಇಲ್ಲಿ ಉಪಯೋಗಕ್ಕೆ ಬರುತ್ತದೆ. ನಡುವಿನ ಲೈನ್‌ಬ್ಯಾಕರ್ ಮೈಕ್, ಟೈಟ್ ಎಂಡ್ ಇರುವ ಬಲವಾದ ಕಡೆಯವನು ಸ್ಯಾಮ್, ಅದರ ವಿರುದ್ಧ ಕಡೆಯವನು ವಿಲ್. ಆದರೆ ಕ್ವಾರ್ಟರ್‌ಬ್ಯಾಕ್ ಮೈಕ್ ಎಂದು ಬೆರಳಿಟ್ಟವನು ನಿಜಕ್ಕೂ ನಡುವಿನವನೇ ಆಗಿರಬೇಕೆಂದಿಲ್ಲ. ಎಣಿಕೆ ಎಲ್ಲಿಂದ ಶುರುಮಾಡಬೇಕೆಂದು ಹಾಕಿದ ಗುರುತಷ್ಟೇ ಅದು. ಗುರುತು ಒಬ್ಬನಿಂದ ಪಕ್ಕದವನಿಗೆ ಬದಲಾದರೆ ಆರೂ ಜನರ ಜವಾಬ್ದಾರಿ ಆ ಕ್ಷಣವೇ ಬದಲಾಗುತ್ತದೆ. ಕ್ವಾರ್ಟರ್‌ಬ್ಯಾಕ್‌ನ ಹೆಲ್ಮೆಟ್ಟಿನೊಳಗೆ 1994ರಿಂದ ರೇಡಿಯೋ ಇದೆ, ತರಬೇತುದಾರ ಅದರಲ್ಲಿ ಮಾತಾಡಬಹುದು. ಮುಂದಿನ ಸ್ನ್ಯಾಪ್‌ಗೆ ಕೊಟ್ಟ ಸಮಯ ಎಣಿಸುವ ಪ್ಲೇ ಗಡಿಯಾರದಲ್ಲಿ 15 ಸೆಕೆಂಡು ಉಳಿದಾಗ ರೇಡಿಯೋ ತಾನಾಗಿ ಬಂದ್ ಆಗುತ್ತದೆ. ಎದುರಾಳಿಗಳು ಜಾಗ ಬದಲಿಸಿ ಆಟವಾಡಿಸುವುದು ಸರಿಯಾಗಿ ಅದಾದ ಮೇಲೆ. ಪರವೂರಿನ ಮೈದಾನವಾದರಂತೂ ಕೂಗಿದರೂ ಕೇಳಿಸುವುದಿಲ್ಲ. ಕಾನ್ಸಸ್ ಸಿಟಿಯ ಆ್ಯರೋಹೆಡ್ ಕ್ರೀಡಾಂಗಣದಲ್ಲಿ 2014ರಲ್ಲಿ ಪ್ರೇಕ್ಷಕರ ಗದ್ದಲ 142.2 ಡೆಸಿಬೆಲ್ ಮುಟ್ಟಿ ಗಿನ್ನೆಸ್ ದಾಖಲೆಯಾಯಿತು. ಅಂಥಲ್ಲಿ ಕೈಸನ್ನೆ, ಸೆಂಟರ್‌ನ ತಲೆಯಾಡಿಸುವಿಕೆ, ಗಾರ್ಡ್‌ನ ಒಂದು ತಟ್ಟು, ಇಷ್ಟರಲ್ಲೇ ಮುಗಿಸಬೇಕು.

ಎದುರಾಳಿಗಳೂ ಕೈಕಟ್ಟಿ ಕೂತವರಲ್ಲ. ಲೈನ್‌ಬ್ಯಾಕರ್ ನುಗ್ಗುವುದನ್ನು ಹಿಂದೆ ರೆಡ್ ಡಾಗ್ ಎನ್ನುತ್ತಿದ್ದರು. ಅದರ ತಮ್ಮ ಗ್ರೀನ್ ಡಾಗ್ ಇನ್ನೂ ಕಿಲಾಡಿ: ಬ್ಯಾಕ್ ಎಸೆತಕ್ಕೆಂದು ಓಡಿದರೆ ಹಿಂಬಾಲಿಸಲು ನೇಮಕವಾದವನು, ಬ್ಯಾಕ್ ಕಾವಲಿಗೆ ನಿಂತದ್ದು ಕಂಡ ಕೂಡಲೇ ತಾನೂ ನುಗ್ಗುತ್ತಾನೆ. ಕಾಯಲು ನಿಂತದ್ದೇ ದಾಳಿಗೆ ಆಹ್ವಾನವಾಯಿತು! 1980ರ ದಶಕದಲ್ಲಿ ಸಿನ್ಸಿನಾಟಿ ಬೆಂಗಾಲ್ಸ್‌ನಲ್ಲಿ ತರಬೇತುದಾರ ಡಿಕ್ ಲಬೊ ಹದಗೊಳಿಸಿದ ಜೋನ್ ಬ್ಲಿಟ್ಜ್‌ನ ಮೋಸ ಬೇರೆ ತರಹ. ಮುಂದೆ ನಿಂತು ನುಗ್ಗುವವನಂತೆ ನಟಿಸಿದ ದಢೂತಿ ಆಳು ಸ್ನ್ಯಾಪ್ ಆದೊಡನೆ ಹಿಂದೆ ಸರಿದು ಎಸೆತ ತಡೆಯಲು ಹೋಗುತ್ತಾನೆ, ಯಾರೂ ಎಣಿಸದ ಇಬ್ಬರು ಇನ್ನೊಂದು ಬದಿಯಿಂದ ಬರುತ್ತಾರೆ. ಗಾರ್ಡ್ ಗಾಳಿಯನ್ನು ತಡೆಯುತ್ತ ನಿಂತಿರುತ್ತಾನೆ, ಬ್ಯಾಕ್‌ನ ಮೇಲೆ ಇಬ್ಬರು. ತರಬೇತುದಾರ ಮೈಕ್ ಜಿಮ್ಮರ್‌ನ ಮಿನೆಸೋಟ ತಂಡ ಇಬ್ಬರು ಲೈನ್‌ಬ್ಯಾಕರ್‌ಗಳನ್ನು ಸೆಂಟರ್‌ನ ಎರಡೂ ಪಕ್ಕದ ಎ ಗ್ಯಾಪ್‌ಗಳಲ್ಲಿ ತಂದು ನಿಲ್ಲಿಸುತ್ತಿತ್ತು. ಇಬ್ಬರೂ ಬರಬಹುದು, ಒಬ್ಬನೇ ಬರಬಹುದು, ಇಬ್ಬರೂ ಹಿಂದೆ ಸರಿಯಬಹುದು. ಲೆಕ್ಕ ತಪ್ಪಿಸುವುದಕ್ಕೆ ಆ ನಿಲುವೇ ಸಾಕು.

ಸರಿಯಾದವನನ್ನು ಗುರುತಿಸಿದ್ದಾಯಿತು, ಇನ್ನು ತಡೆಯಬೇಕಲ್ಲ. ಬ್ಯಾಕ್‌ಗಳು ಸಾಮಾನ್ಯವಾಗಿ 95 ಕಿಲೋ, ನುಗ್ಗಿ ಬರುವ ಲೈನ್‌ಬ್ಯಾಕರ್ 110. ಇವನು ನಿಂತಲ್ಲಿ, ಅವನು ಐದು ಗಜ ಓಡಿದ ರಭಸದಲ್ಲಿ. ಕಾದು ನಿಂತರೆ ಕ್ವಾರ್ಟರ್‌ಬ್ಯಾಕ್‌ನ ಮಡಿಲಿಗೇ ಹೋಗಿ ಬೀಳಬೇಕಾಗುತ್ತದೆ. ಹಾಗಾಗಿ ತಾನೇ ಮುಂದೆ ಹೆಜ್ಜೆಯಿಟ್ಟು, ಮೊಣಕಾಲು ಬಗ್ಗಿಸಿ, ತಲೆಯೆತ್ತಿ, ಎದುರಾಳಿಯ ಎದೆಗೆ ಎರಡೂ ಅಂಗೈ ಕೊಟ್ಟು ಢೀ ಎದುರಿಸಬೇಕು. ತಲೆ ತಗ್ಗಿಸಿದವನ ಪಕ್ಕದಿಂದ ಎದುರಾಳಿ ನುಣುಚಿಕೊಳ್ಳುತ್ತಾನೆ. ಕಾಲಿಗೇ ಬೀಳುವ ಕಟ್ ಬ್ಲಾಕ್ ಎಂಬುದೊಂದಿದೆ, ಗಾತ್ರದಲ್ಲಿ ಸಣ್ಣವರ ಕೊನೆಯ ಅಸ್ತ್ರ. ಆದರೆ ಒಬ್ಬ ಎದೆ ಹಿಡಿದಿರುವಾಗ ಇನ್ನೊಬ್ಬ ಕಾಲಿಗೆ ಬೀಳುವಂತಿಲ್ಲ. ಮೊಣಕಾಲು ಮುರಿಯುವ ಈ ಚಾಪ್ ಬ್ಲಾಕನ್ನು 2016ರಲ್ಲಿ ಎನ್‌ಎಫ್‌ಎಲ್ ಪೂರ್ತಿ ನಿಷೇಧಿಸಿತು. ಪೂರ್ತಿ ತಡೆಯದೆ, ಹೊರಗೆ ಓಡುತ್ತ ಓಡುತ್ತಲೇ ಬದಿಯಿಂದ ನುಗ್ಗುವವನಿಗೆ ಭುಜದಿಂದ ಒಂದು ಏಟು ಕೊಟ್ಟು ಹೋಗುವುದು ಚಿಪ್. ಟ್ಯಾಕಲ್‌ಗೆ ಅರ್ಧ ಸೆಕೆಂಡು ಉಳಿಸಿಕೊಡುವ ಉಪಕಾರ ಅದು. ಬೇಸಿಗೆ ಶಿಬಿರಗಳಲ್ಲಿ ಬ್ಯಾಕ್‌ಗಳನ್ನೂ ಲೈನ್‌ಬ್ಯಾಕರ್‌ಗಳನ್ನೂ ಎದುರುಬದುರು ನಿಲ್ಲಿಸಿ ಒಬ್ಬೊಬ್ಬರನ್ನಾಗಿ ಡಿಕ್ಕಿ ಹೊಡೆಸುವ ಅಭ್ಯಾಸವಿದೆ, ಪಿಟ್ಸ್‌ಬರ್ಗ್ ಸ್ಟೀಲರ್ಸ್‌ನದು ಇದರಲ್ಲಿ ಪ್ರಸಿದ್ಧ. ಹೊಸ ಹುಡುಗ ಎಷ್ಟೇ ವೇಗವಾಗಿ ಓಡಲಿ, ಅಲ್ಲಿ ಮುಗ್ಗರಿಸಿದರೆ, ಹೆಚ್ಚಾಗಿ ಎಸೆತಕ್ಕೇ ಮೀಸಲಾದ ಮೂರನೆಯ ಡೌನ್‌ನಲ್ಲಿ ಬೆಂಚೇ ಗತಿ.

ಎಲ್ಲ ನುಗ್ಗುವವರನ್ನೂ ಬ್ಯಾಕ್ ತಡೆಯಬಲ್ಲ ಎಂಬ ನಂಬಿಕೆ ಮುರಿದುಬಿದ್ದದ್ದು 1981ರಲ್ಲಿ. ಆ ವರ್ಷ ನ್ಯೂಯಾರ್ಕ್ ಜಯಂಟ್ಸ್ ಸೇರಿದ ಲಾರೆನ್ಸ್ ಟೇಲರ್ ಲೈನ್‌ಬ್ಯಾಕರ್, ಆದ್ದರಿಂದ ರೂಢಿಯಂತೆ ಅವನು ಬ್ಯಾಕ್‌ನ ಪಾಲು. ಆದರೆ ಈತನ ಮುಂದೆ ಬ್ಯಾಕ್‌ಗಳು ತರಗೆಲೆ. 1982ರ ಜನವರಿಯ ಪ್ಲೇಆಫ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ತರಬೇತುದಾರ ಬಿಲ್ ವಾಲ್ಷ್ ಆ ಕೆಲಸವನ್ನು ಬ್ಯಾಕ್‌ನಿಂದ ತೆಗೆದು ಗಾರ್ಡ್ ಜಾನ್ ಏಯರ್ಸ್‌ಗೆ ಒಪ್ಪಿಸಿದ, 38–24ರಿಂದ ಗೆದ್ದ. ವಾಷಿಂಗ್ಟನ್‌ನ ತರಬೇತುದಾರ ಜೋ ಗಿಬ್ಸ್ ಇನ್ನೊಬ್ಬ ಟೈಟ್ ಎಂಡ್‌ನನ್ನು ಹಿಂದೆ ಸರಿಸಿ ಎಚ್-ಬ್ಯಾಕ್ ಎಂಬ ಹುದ್ದೆಯನ್ನೇ ಬೆಳೆಸಿದ, ಮುಖ್ಯವಾಗಿ ಟೇಲರ್‌ಗೆ ಕಡಿವಾಣ ಹಾಕಲು. ಅದೂ ಸಾಲಲಿಲ್ಲ. 1985ರ ನವೆಂಬರ್ 18ರ ಸೋಮವಾರದ ರಾತ್ರಿ, ವಾಷಿಂಗ್ಟನ್‌ನ ಬ್ಯಾಕ್ ಜಾನ್ ರಿಗಿನ್ಸ್ ಚೆಂಡು ಹಿಡಿದು ಓಡುವಂತೆ ನಟಿಸಿ, ತಿರುಗಿ ಕ್ವಾರ್ಟರ್‌ಬ್ಯಾಕ್ ಜೋ ಥೈಸ್‌ಮನ್‌ಗೇ ಹಿಂದಿರುಗಿಸಿದ. ಫ್ಲೀ ಫ್ಲಿಕರ್ ಎಂಬ ಈ ಆಟ ಚೆನ್ನಾಗಿದೆ, ಒಂದೇ ಕೊರತೆ: ಕಾಯಬೇಕಾದ ಬ್ಯಾಕ್ ನಾಟಕದಲ್ಲಿ ತೊಡಗಿರುತ್ತಾನೆ. ಟೇಲರ್ ಹಿಂದಿನಿಂದ ಎರಗಿದ. ಥೈಸ್‌ಮನ್‌ನ ಕೆಳಗಾಲಿನ ಎರಡೂ ಮೂಳೆ ಮುರಿದವು, ಮತ್ತೆ ಅವನು ಆಡಲಿಲ್ಲ. ಮೈಕಲ್ ಲೂಯಿಸ್ 2006ರಲ್ಲಿ ಬರೆದ 'ದಿ ಬ್ಲೈಂಡ್ ಸೈಡ್' ಈ ಪ್ರಸಂಗದಿಂದಲೇ ಶುರುವಾಗುತ್ತದೆ. ಬಲಗೈ ಎಸೆತಗಾರನಿಗೆ ಕಾಣದ ಎಡಬೆನ್ನನ್ನು ಕಾಯುವ ಎಡ ಟ್ಯಾಕಲ್‌ಗೆ ಬಂದ ಬೆಲೆಯ ಕತೆ ಅದು. ಅದೇ ಕತೆಯಲ್ಲಿ ಬ್ಯಾಕ್‌ನ ಬೆಲೆ ಇಳಿದದ್ದೂ ಇದೆ, ಓದುವವರು ಅಷ್ಟಾಗಿ ಗಮನಿಸುವುದಿಲ್ಲ.

ಬೆಲೆ ಇಳಿದರೂ ಹೊಣೆ ಇಳಿಯಲಿಲ್ಲ. ಇದಕ್ಕೆ ಸಾಕ್ಷಿ ಬೇಕಾದರೆ 2017ರ ಫೆಬ್ರವರಿ 5ರಂದು ಹ್ಯೂಸ್ಟನ್‌ನಲ್ಲಿ ನಡೆದ ಎನ್‌ಎಫ್‌ಎಲ್ ಫೈನಲ್, ಅಂದರೆ ಸೂಪರ್ ಬೌಲ್ ನೋಡಬೇಕು. ಅಟ್ಲಾಂಟ ಫಾಲ್ಕನ್ಸ್ 28–3ರಿಂದ ಮುಂದಿತ್ತು. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಚೂರುಚೂರೇ ತಿಂದು 28–12ಕ್ಕೆ ತಂದಿತ್ತು. ಕೊನೆಯ ಕ್ವಾರ್ಟರ್‌ನಲ್ಲಿ 8 ನಿಮಿಷ 31 ಸೆಕೆಂಡು ಬಾಕಿ, ಮೂರನೆಯ ಡೌನ್, ಬೇಕಿರುವುದು ಒಂದೇ ಗಜ. ಅದಕ್ಕೆ ಸ್ವಲ್ಪ ಮೊದಲಷ್ಟೇ ಬ್ಯಾಕ್ ಟೆವಿನ್ ಕೋಲ್ಮನ್ ಗಾಯಗೊಂಡು ಹೊರಗೆ ನಡೆದಿದ್ದ, ಜಾಗಕ್ಕೆ ಬಂದವನು ಡೆವಾಂಟ ಫ್ರೀಮನ್. ಆ ದಿನ ಅವನ ಓಟಕ್ಕೆ ಎಣೆಯಿರಲಿಲ್ಲ, 11 ಓಟದಲ್ಲಿ 75 ಗಜ, ಜತೆಗೆ ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿದ ಒಂದು ಟಚ್‌ಡೌನ್. ಒಂದು ಗಜಕ್ಕೆ ಅವನ ಕೈಗೆ ಚೆಂಡು ಕೊಡುವುದು ಬಿಟ್ಟು ಅಟ್ಲಾಂಟ ಎಸೆಯಲು ಹೊರಟಿತು. ಲೈನ್‌ಬ್ಯಾಕರ್ ಡಾಂಟೆ ಹೈಟವರ್ ಬದಿಯಿಂದ ಬಂದ. ಅವನನ್ನು ಫ್ರೀಮನ್ ಗಮನಿಸುವಷ್ಟರಲ್ಲಿ ಕಾಲ ಮಿಂಚಿತ್ತು. ಕ್ವಾರ್ಟರ್‌ಬ್ಯಾಕ್ ಮ್ಯಾಟ್ ರಯನ್ ತೋಳೆತ್ತಿದ, ಹೈಟವರ್‌ನ ಪೆಟ್ಟಿಗೆ ಚೆಂಡು ನೆಲಕ್ಕೆ ಬಿತ್ತು, ಪೇಟ್ರಿಯಟ್ಸ್‌ನ ಅಲನ್ ಬ್ರಾಂಚ್ ಅದರ ಮೇಲೆ ಬಿದ್ದ. ಸ್ಯಾಕ್ ಜೊತೆಗೆ ಚೆಂಡೂ ಹೋಗುವ ಇಂಥದ್ದಕ್ಕೆ ಸ್ಟ್ರಿಪ್ ಸ್ಯಾಕ್ ಎನ್ನುತ್ತಾರೆ. ಕೆಲವೇ ನಿಮಿಷದಲ್ಲಿ ಅಂಕ 28–20.

ಇಷ್ಟಾದರೂ ಅಟ್ಲಾಂಟಕ್ಕೆ ದಾರಿ ಮುಚ್ಚಿರಲಿಲ್ಲ. ಮುಂದಿನ ಸರದಿಯಲ್ಲಿ ಅದೇ ಫ್ರೀಮನ್ ಎಸೆತ ಹಿಡಿದು 39 ಗಜ ಓಡಿದ. ಜೂಲಿಯೊ ಜೋನ್ಸ್ ಗೆರೆಯ ಅಂಚಿನಲ್ಲಿ ಕಾಲ್ಬೆರಳ ಮೇಲೆ ನಿಂತು ಹಿಡಿದ ಅದ್ಭುತ ಕ್ಯಾಚ್ ಚೆಂಡನ್ನು ಎದುರಾಳಿಯ 22ನೇ ಗಜಕ್ಕೆ ತಂದಿತು. ಅಲ್ಲಿಂದ ಕಂಬಗಳ ನಡುವೆ ಚೆಂಡು ಒದ್ದು ಮೂರು ಅಂಕದ ಒಂದು ಫೀಲ್ಡ್ ಗೋಲ್ ಗಳಿಸಿದ್ದರೆ 11 ಅಂಕದ ಅಂತರ, ಗೆಲುವು ಬಹುತೇಕ ಕೈಯಲ್ಲಿ. ಮೂರು ಸಲ ಸುಮ್ಮನೆ ಓಡಿ ನಿಂತಿದ್ದರೂ ಸಾಕಿತ್ತು. ಬದಲಿಗೆ ಮತ್ತೆ ಎಸೆಯಲು ಹೋಗಿ ಟ್ರೇ ಫ್ಲವರ್ಸ್ ಕೈಗೆ ಸಿಕ್ಕು 12 ಗಜದ ಸ್ಯಾಕ್, ಅದರ ಹಿಂದೆಯೇ ಎಡ ಟ್ಯಾಕಲ್ ಜೇಕ್ ಮ್ಯಾಥ್ಯೂಸ್‌ನ ಹೋಲ್ಡಿಂಗ್‌ಗೆ 10 ಗಜದ ದಂಡ. ಒದೆಯುವ ದೂರ ಮೀರಿಹೋಯಿತು, ಚೆಂಡು ಒಪ್ಪಿಸಬೇಕಾಯಿತು. ಪೇಟ್ರಿಯಟ್ಸ್ 28–28 ಮಾಡಿ, ಹೆಚ್ಚುವರಿ ಸಮಯದಲ್ಲಿ 34–28ರಿಂದ ಗೆದ್ದಿತು. ಆ ರಾತ್ರಿಯ ಬಗ್ಗೆ ಬರೆದವರೆಲ್ಲ ಪೇಟ್ರಿಯಟ್ಸ್ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿಯ ತೋಳನ್ನು ಹಾಡಿ ಹೊಗಳಿದರು. ತೋಳಿನದು ಸುಳ್ಳಲ್ಲ. ಆದರೆ ಅಟ್ಲಾಂಟ ಸೋತದ್ದು ತಡೆಯಬೇಕಾದವರನ್ನು ತಡೆಯಲಾಗದ ಮೂರು ಪ್ಲೇಗಳಲ್ಲಿ, ಅದರಲ್ಲಿ ಮೊದಲನೆಯದು ಬ್ಯಾಕ್‌ನದು. ಎದುರು ತಂಡದ ಬ್ಯಾಕ್ ಜೇಮ್ಸ್ ವೈಟ್ ಅದೇ ಪಂದ್ಯದಲ್ಲಿ 14 ಕ್ಯಾಚ್ ಹಿಡಿದು, ಗೆಲುವಿನ ಟಚ್‌ಡೌನ್ ಸೇರಿ ಮೂರು ಟಚ್‌ಡೌನ್ ಮಾಡಿದ. ಎಸೆಯಲು ಬೇರೆ ಯಾರೂ ಸಿಗದಾಗ ಹತ್ತಿರದಲ್ಲೇ ಇರುವ ಬ್ಯಾಕ್‌ಗೆ ಚೆಂಡು ದಾಟಿಸುವುದು ಚೆಕ್ ಡೌನ್. ಕೈಗೆ ಬಂದ ಆ ಚಿಲ್ಲರೆಯನ್ನು ವೈಟ್ ರೊಕ್ಕ ಮಾಡಿಕೊಂಡ.

ಇಷ್ಟಾದ ಮೇಲೆ ಫ್ರೀಮನ್ ಗತಿ ಏನಾಯಿತು ಎಂದು ಕೇಳಿ. ಅದೇ ವರ್ಷದ ಆಗಸ್ಟಿನಲ್ಲಿ ಅಟ್ಲಾಂಟ ಅವನಿಗೆ ಐದು ವರ್ಷಕ್ಕೆ ಸುಮಾರು 4.1 ಕೋಟಿ ಡಾಲರಿನ ಹೊಸ ಒಪ್ಪಂದ ಕೊಟ್ಟಿತು. ಅದು ಓಟಕ್ಕೆ, ಕ್ಯಾಚ್‌ಗೆ ಸಿಕ್ಕ ಬೆಲೆ, ಸರಿಯಾದದ್ದೇ. ನನ್ನ ತಕರಾರು ಬೇರೆ. ಬ್ಲಾಕಿಂಗ್‌ಗೆ ಎನ್‌ಎಫ್‌ಎಲ್‌ನ ಅಧಿಕೃತ ಅಂಕಿಅಂಶದಲ್ಲಿ ಕಾಲಮ್ಮೇ ಇಲ್ಲ. ಸ್ಯಾಕ್ ಮಾಡಿದವನ ಹೆಸರು ಬರೆಯುತ್ತಾರೆ, ಸ್ಯಾಕ್ ಆಗಗೊಟ್ಟವನದನ್ನಾಗಲೀ ಹತ್ತು ಸ್ಯಾಕ್ ತಪ್ಪಿಸಿದವನದನ್ನಾಗಲೀ ಬರೆಯುವುದಿಲ್ಲ. ಎಣಿಸದ ಕೆಲಸಕ್ಕೆ ಸಂಬಳದ ಮಾತುಕತೆಯಲ್ಲಿ ಜಾಗವಿಲ್ಲ. ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 2013 ಮತ್ತು 2014ರಲ್ಲಿ, ಮೊದಲ ಸುತ್ತಿನಲ್ಲಿ ಒಬ್ಬನೇ ಒಬ್ಬ ರನ್ನಿಂಗ್ ಬ್ಯಾಕ್‌ನನ್ನೂ ಯಾರೂ ಆರಿಸಲಿಲ್ಲ. ಓಡುವವರು ಬೇಕಾದಷ್ಟು ಸಿಗುತ್ತಾರೆ ಎಂಬುದು ಮಾಲೀಕರ ವಾದ. ಇರಬಹುದು, ಆದರೆ ಓಡಬಲ್ಲ, ಹಿಡಿಯಬಲ್ಲ, ಗ್ರೀನ್ ಡಾಗ್ ಗುರುತಿಸಿ ಎದೆಕೊಡಬಲ್ಲವರು ಹಾಗೆ ಸಿಗುವುದಿಲ್ಲ. ಮೂರೂ ಬಲ್ಲವನನ್ನು ತ್ರೀ ಡೌನ್ ಬ್ಯಾಕ್ ಎಂದು ಗೌರವಿಸುತ್ತಾರೆ. 1999ರಲ್ಲಿ ಮಾರ್ಷಲ್ ಫಾಕ್ ಓಟದಲ್ಲಿ 1,381, ಕ್ಯಾಚ್‌ನಲ್ಲಿ 1,048 ಗಜ ಗಳಿಸಿದ. ಆ ರ್‍ಯಾಮ್ಸ್ ತಂಡದ ಆಕ್ರಮಣದಲ್ಲಿ, ಎದುರಾಳಿಗಳಲ್ಲಿ ಯಾರು ಎಲ್ಲಿಂದ ನುಗ್ಗುತ್ತಾರೆಂದು ಓದುವುದರಲ್ಲೂ ಅವನು ನಿಪುಣನಾಗಿದ್ದ. ಮೊದಲೆರಡನ್ನು ಪುಸ್ತಕದಲ್ಲಿ ಹುಡುಕಬಹುದು, ಮೂರನೆಯದನ್ನು ಹಳೆಯ ವಿಡಿಯೋ ಹಾಕಿಯೇ ನೋಡಬೇಕು.

ಕಾವಲಿನ ನಟನೆಯೂ ಒಂದು ಅಸ್ತ್ರ. ಕಾಯುವವನಂತೆ ನಿಂತು, ಎದುರಾಳಿಗಳನ್ನು ಬೇಕೆಂದೇ ಒಳಬಿಟ್ಟು, ಅವರ ಬೆನ್ನ ಹಿಂದೆ ಜಾರಿ ಎಸೆತ ಪಡೆಯುವುದು ಸ್ಕ್ರೀನ್. ಎಸೆಯುವಂತೆ ಹಿಂದೆ ಸರಿದು ಕೊನೆಯ ಕ್ಷಣ ಬ್ಯಾಕ್ ಕೈಗೆ ಚೆಂಡಿಡುವುದು ಡ್ರಾ. ಓಟಕ್ಕೆ ಕೊಟ್ಟಂತೆ ಮಾಡಿ ಎಸೆಯುವುದು ಪ್ಲೇ ಆ್ಯಕ್ಷನ್. ಇಲ್ಲಿ ಬ್ಯಾಕ್ ಖಾಲಿ ತೋಳನ್ನು ಹೊಟ್ಟೆಗವುಚಿಕೊಂಡು ಓಡುವ ನಾಟಕ ಮುಗಿಸಿ, ಮರುಗಳಿಗೆಯಲ್ಲೇ ತಲೆಯೆತ್ತಿ ಯಾರನ್ನು ತಡೆಯಬೇಕೆಂದು ಹುಡುಕಬೇಕು. ಒಮ್ಮೆ ಒಳ್ಳೆಯ ಕಾವಲುಗಾರನೆಂದು ಹೆಸರಾದರೆ ಈ ನಾಟಕಗಳನ್ನು ಎದುರಾಳಿ ನಂಬುತ್ತಾನೆ.

ನಮ್ಮ ನಾಡಿಗೂ ಈ ಆಟಕ್ಕೂ ನಂಟು ತೆಳುವಾದದ್ದು. 2012ರ ಹೊತ್ತಿಗೆ ಎಲೀಟ್ ಫುಟ್‌ಬಾಲ್ ಲೀಗ್ ಆಫ್ ಇಂಡಿಯಾ ಎಂಬುದು ನಡೆದಾಗ ಬೆಂಗಳೂರು ವಾರ್‌ಹಾಕ್ಸ್ ಎಂಬ ತಂಡವಿತ್ತು. ಆ ಲೀಗ್ ಬೇರೂರಲಿಲ್ಲ. ಸಾಫ್ಟ್‌ವೇರ್ ಕನ್ನಡಿಗರು ಬಹಳ ಮಂದಿ ನೆಲೆಸಿರುವ ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರದಲ್ಲಂತೂ ಕ್ರೀಡಾಂಗಣ ಮನೆಬಾಗಿಲಲ್ಲೇ ಇದೆ. 2016ರಲ್ಲಿ ಅಲ್ಲಿ ನಡೆದ ಸೂಪರ್ ಬೌಲ್ 50ರಲ್ಲಿ ಡೆನ್ವರ್ ಬ್ರಾಂಕೋಸ್ 24–10ರಿಂದ ಗೆದ್ದದ್ದು ಎಸೆತದಿಂದಲ್ಲ, ವಾನ್ ಮಿಲ್ಲರ್‌ನ ಎರಡೂವರೆ ಸ್ಯಾಕ್‌ಗಳಿಂದ. ಅವನು ಕ್ಯಾರೊಲಿನಾದ ಕ್ಯಾಮ್ ನ್ಯೂಟನ್ ಕೈಯಿಂದ ಎರಡು ಸಲ ಚೆಂಡು ಕೆಡವಿದ. ಎರಡೂ ಟಚ್‌ಡೌನ್‌ಗೆ ದಾರಿಯಾದವು. ಅಷ್ಟೂ ಬಲ ಟ್ಯಾಕಲ್‌ನ ಕಡೆಯಿಂದ, ಕ್ವಾರ್ಟರ್‌ಬ್ಯಾಕ್‌ಗೆ ಕಣ್ಣೆದುರೇ ಕಾಣುವ ಬದಿಯಿಂದ. ಎಡಬೆನ್ನಿನ ಸಿದ್ಧಾಂತ ಅಲ್ಲಿಗೆ ಹಳತಾಯಿತು.

ಇತ್ತೀಚೆಗೆ ಇನ್ನೊಂದು ಬದಲಾವಣೆ. 2025ರ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ ಫಿಲಡೆಲ್ಫಿಯಾ ಈಗಲ್ಸ್ ಒಮ್ಮೆಯೂ ಬ್ಲಿಟ್ಜ್ ಮಾಡದೆ, ನಾಲ್ವರನ್ನೇ ನುಗ್ಗಿಸಿ, ಕಾನ್ಸಸ್ ಸಿಟಿಯ ಪ್ಯಾಟ್ರಿಕ್ ಮಹೋಮ್ಸ್‌ನನ್ನು ಆರು ಸಲ ಕೆಡವಿ 40–22ರಿಂದ ಗೆದ್ದಿತು. ಗುರುತಿಸಲು ಆರನೆಯವನೇ ಇಲ್ಲದಿದ್ದರೆ ಬ್ಯಾಕ್ ಏನು ಮಾಡಬೇಕು? ಇದನ್ನೇ ಹಿಡಿದುಕೊಂಡು ಬ್ಯಾಕ್‌ನ ಕಾವಲು ಮುಗಿದ ಕತೆ ಎನ್ನುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಸೋಲುತ್ತಿರುವ ಟ್ಯಾಕಲ್‌ನ ಪಕ್ಕ ಹೋಗಿ ಚಿಪ್ ಕೊಡುವ ಕೆಲಸ ಹಾಗೇ ಇದೆ. ಅಲ್ಲದೆ ನಾಲ್ವರಲ್ಲೇ ಗೆಲ್ಲುವಂಥ ಮುಂಪಡೆ ಇರುವುದು ಬೆರಳೆಣಿಕೆಯ ತಂಡಗಳಿಗೆ. ಉಳಿದವರೆಲ್ಲ ಇನ್ನೂ ಕದ್ದೇ ಬರಬೇಕು.

ಮುಂದಿನ ಸೂಪರ್ ಬೌಲ್ ಭಾರತದ ಗಡಿಯಾರದಲ್ಲಿ ಫೆಬ್ರವರಿಯ ಒಂದು ಸೋಮವಾರ ಬೆಳಗಿನ ಜಾವ ಐದಕ್ಕೆ ಶುರುವಾಗುತ್ತದೆ. ಏಳುವ ಉತ್ಸಾಹವಿದ್ದರೆ, ಮೂರನೆಯ ಡೌನ್‌ಗೆ ಏಳೆಂಟು ಗಜ ಬೇಕಿರುವಾಗ ಕ್ವಾರ್ಟರ್‌ಬ್ಯಾಕ್ ಪಕ್ಕದಲ್ಲಿ ನಿಂತವನ ಮೇಲೆ ಕಣ್ಣಿಡಿ. ಸ್ನ್ಯಾಪ್‌ಗೆ ಮೊದಲು ಅವನ ತಲೆ ಯಾವ ಕಡೆ ತಿರುಗಿತು, ಮೊದಲ ಹೆಜ್ಜೆ ಒಳಗೋ ಹೊರಗೋ, ಎರಡು ಸೆಕೆಂಡಿನಲ್ಲಿ ಯಾರಿಗೆ ಎದೆಕೊಟ್ಟ, ಇಷ್ಟು ನೋಡಿದರೆ ಸಾಕು. ಚೆಂಡು ಎಲ್ಲಿಗೆ ಹೋಯಿತೆಂಬುದನ್ನು ರೀಪ್ಲೇಯಲ್ಲಿ ಹೇಗೂ ನಾಲ್ಕು ಸಲ ತೋರಿಸುತ್ತಾರೆ.